ಸಣ್ಣ ಗುತ್ತಿಗೆದಾರನ ಕಣ್ಣಲ್ಲಿ ಹುಬ್ಬಳ್ಳಿಯ ಒಂದು ಸಿ.ಎ. ಕಚೇರಿ

ಸರ್ಕಾರಿ ಇಲಾಖೆಗಳ ಸಣ್ಣಪುಟ್ಟ ಸಿವಿಲ್ ಕೆಲಸಗಳನ್ನು ಸ್ವಂತ ಹೆಸರಿನಲ್ಲಿ ಗುತ್ತಿಗೆ ಹಿಡಿಯುವ ನನ್ನಂಥವರಿಗೆ ವರ್ಷಕ್ಕೊಮ್ಮೆ ರಿಟರ್ನ್ ತುಂಬಿಕೊಡುವ ಲೆಕ್ಕಿಗನಿಂದ ಪ್ರಯೋಜನ ಕಡಿಮೆ. ತಿಂಗಳ ಲೆಕ್ಕವನ್ನು ಆಯಾ ತಿಂಗಳೇ ನೋಡುವವರು ಬೇಕು. ಈ ದೃಷ್ಟಿಯಿಂದ ನನ್ನ ಈಗಿನ ಸಿ.ಎ. ಕಚೇರಿಯ ಬಗ್ಗೆ ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ದೂರೂ ಇರುವುದರಿಂದ ಹೆಸರು ಬಿಟ್ಟಿದ್ದೇನೆ.

ನಮ್ಮ ಬಿಲ್ಲು ಪಾಸಾಗುವಾಗಲೇ ಆದಾಯ ತೆರಿಗೆಯ ಟಿಡಿಎಸ್ (ಹಣ ಕೊಡುವವರೇ ಮುಂಚಿತವಾಗಿ ಹಿಡಿಯುವ ತೆರಿಗೆ) ಶೇ. 1, ಎರಡೂವರೆ ಲಕ್ಷ ಮೀರಿದ ಕರಾರಾದರೆ ಜಿಎಸ್‌ಟಿ ಟಿಡಿಎಸ್ ಶೇ. 2, ಜೊತೆಗೆ ಕಾರ್ಮಿಕ ಕಲ್ಯಾಣ ಸೆಸ್ ಶೇ. 1 ಕಡಿತವಾಗುತ್ತವೆ. ಇವುಗಳಲ್ಲಿ ಜಿಎಸ್‌ಟಿ ಟಿಡಿಎಸ್ ತಾನಾಗಿಯೇ ನಮ್ಮ ಖಾತೆಗೆ ಬರುವುದಿಲ್ಲ. ಇಲಾಖೆ ತನ್ನ ರಿಟರ್ನ್ ಸಲ್ಲಿಸಿದ ಮೇಲೆ ನಾವು ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡರೆ ಮಾತ್ರ ಕ್ಯಾಶ್ ಲೆಡ್ಜರ್‌ಗೆ, ಅಂದರೆ ತೆರಿಗೆ ಕಟ್ಟಲು ಬಳಸುವ ನಮ್ಮ ಪೋರ್ಟಲ್ ಖಾತೆಗೆ, ಜಮೆಯಾಗುತ್ತದೆ. ಹಿಂದಿನ ಕಚೇರಿಯವರು ಆ ಪುಟವನ್ನು ತೆರೆದೇ ಇರಲಿಲ್ಲ. ಅಲ್ಲಿ ಜಮೆಯಾಗಬೇಕಿದ್ದ ಹಣವಿದ್ದರೂ ಪ್ರತಿ ತಿಂಗಳು ನನ್ನಿಂದ ಪೂರ್ತಿ ತೆರಿಗೆ ಕಟ್ಟಿಸುತ್ತಿದ್ದರು. ಈಗಿನವರು ಫೈಲು ಕೈಗೆತ್ತಿಕೊಂಡ ಮೊದಲ ವಾರದಲ್ಲೇ ಇದನ್ನು ಹಿಡಿದರು.

ಅವರ ನಿಜವಾದ ಹೆಚ್ಚುಗಾರಿಕೆ ಕಾಣುವುದು ತಿಂಗಳ ಮಧ್ಯದಲ್ಲಿ. 14ನೇ ತಾರೀಖು ಜಿಎಸ್‌ಟಿಆರ್-2ಬಿ (ಮಾರಾಟಗಾರರು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ) ಬಂದ ಕೂಡಲೇ ಕಚೇರಿಯ ಅಕೌಂಟೆಂಟ್ ಅದನ್ನು ನಮ್ಮ ಖರೀದಿ ಬಿಲ್ಲುಗಳೊಂದಿಗೆ ತಾಳೆ ನೋಡಿ, "ಸರ್, ಸಿಮೆಂಟ್ ಅಂಗಡಿಯವರ ಎರಡು ಬಿಲ್ಲು ಬಂದಿಲ್ಲ, ಅವರಿಗೊಂದು ಫೋನ್ ಮಾಡ್ರಿ" ಎಂದು ತಿಳಿಸುತ್ತಾರೆ. ಮಾರಾಟಗಾರ ತನ್ನ ರಿಟರ್ನ್‌ನಲ್ಲಿ ಬಿಲ್ಲು ತೋರಿಸದಿದ್ದರೆ ನಾವು ಕೊಟ್ಟ ತೆರಿಗೆಯ ಕ್ರೆಡಿಟ್, ಅಂದರೆ ನಮ್ಮ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ನಮಗೆ ಸಿಗದು. ಬಾಕಿ ಹಣ ಕೊಡುವ ಮುಂಚೆಯೇ ಈ ವಿಷಯ ತಿಳಿದಿದ್ದರೆ ಮಾತಾಡಲು ನಮಗೂ ಬಾಯಿ ಇರುತ್ತದೆ.

ಆದಾಯ ತೆರಿಗೆಯ ವಿಷಯದಲ್ಲೂ ಅವರ ಸಲಹೆ ತೂಕದ್ದು. ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇ. 6 ಲಾಭ ತೋರಿಸಿ, ಲೆಕ್ಕದ ಪುಸ್ತಕವಿಲ್ಲದೆ ಮುಗಿಸುವ ಅಂದಾಜು ಆದಾಯದ ದಾರಿಯನ್ನು ಹೆಚ್ಚಿನವರು ಕಣ್ಣುಮುಚ್ಚಿ ಹಿಡಿಸುತ್ತಾರೆ. ಇವರು ಮಾತ್ರ, ಮುಂದೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಬೇಕಾಗುತ್ತದೆಯೇ, ಗುತ್ತಿಗೆದಾರ ಲೈಸೆನ್ಸಿನ ದರ್ಜೆ ಏರಿಸುವ ಯೋಚನೆ ಇದೆಯೇ ಎಂದು ಮೊದಲು ಕೇಳಿದರು, ಏಕೆಂದರೆ ಬ್ಯಾಂಕಿನವರು ಬ್ಯಾಲೆನ್ಸ್ ಶೀಟ್ ಕೇಳುತ್ತಾರೆ, ಮತ್ತು ಒಮ್ಮೆ ಆ ದಾರಿ ಹಿಡಿದು ನಡುವೆ ಬಿಟ್ಟರೆ ಮುಂದಿನ ಐದು ವರ್ಷ ಅದು ಮತ್ತೆ ಸಿಗುವುದಿಲ್ಲ.

ಶುಲ್ಕ ಊರಿನ ಸಾಮಾನ್ಯ ದರಕ್ಕಿಂತ ತುಸು ಹೆಚ್ಚೇ ಆದರೂ ರಶೀದಿ ತಪ್ಪದೆ ಕೊಡುತ್ತಾರೆ. ಪೋರ್ಟಲ್‌ಗಳಲ್ಲಿ ನನ್ನದೇ ಮೊಬೈಲ್ ಸಂಖ್ಯೆ ನೋಂದಾಯಿಸಿದ್ದು ಇನ್ನೊಂದು ಸಮಾಧಾನ. ಕಚೇರಿಯವರ ಸಂಖ್ಯೆ ಇದ್ದರೆ ಮುಂದೆ ಸಿ.ಎ. ಬದಲಿಸುವಾಗ ಪ್ರತಿ ಒಟಿಪಿಗೂ ಅವರ ಬಾಗಿಲು ಕಾಯಬೇಕಾಗುತ್ತದೆ. ಹೊಸದಾಗಿ ಫೈಲು ಕೊಡುವವರು ಮೊದಲ ದಿನವೇ ಇದನ್ನು ನೋಡಿಕೊಳ್ಳಬೇಕು.

ದೂರು ಸೆಪ್ಟೆಂಬರ್ ತಿಂಗಳದ್ದು. ಆಡಿಟ್ ಗಡುವು ಹತ್ತಿರವಾದಂತೆ ದೊಡ್ಡ ಕಕ್ಷಿದಾರರ ಫೈಲುಗಳು ಮೇಜು ತುಂಬುತ್ತವೆ, ಸಾಹೇಬರು ಫೋನಿಗೆ ಸಿಗುವುದಿಲ್ಲ, ತರಬೇತಿಗೆ ಬಂದ ಹುಡುಗರಿಗೆ ನಮ್ಮ ಕೆಲಸದ ಹಿನ್ನೆಲೆ ಗೊತ್ತಿರುವುದಿಲ್ಲ. ಟೆಂಡರ್‌ಗೆ ಬೇಕಿದ್ದ ವಹಿವಾಟು ಪ್ರಮಾಣಪತ್ರ ಅದೇ ಸಮಯದಲ್ಲಿ ಸಿಕ್ಕಿಬಿದ್ದು ಕೊನೆಯ ದಿನ ಕೈಗೆ ಬಂತು. ಅದರ ಮೇಲೆ ಸಿ.ಎ. ಸಹಿಯ ದಾಖಲೆಗೆ ಹಾಕುವ 18 ಅಕ್ಷರ-ಅಂಕಿಗಳ ಗುರುತು ಸಂಖ್ಯೆ (ಯುಡಿಐಎನ್) ಸರಿಯಾಗಿತ್ತು, ಸಿ.ಎ.ಗಳ ಸಂಸ್ಥೆಯಾದ ಐಸಿಎಐ ಪೋರ್ಟಲ್‌ನಲ್ಲಿ ತಾಳೆಯೂ ಆಯಿತು ಎನ್ನುವುದು ಬೇರೆ ಮಾತು. ಮುಂದಿನ ವರ್ಷವೂ ಫೈಲು ಅಲ್ಲೇ ಇರುತ್ತದೆ. ಪ್ರಮಾಣಪತ್ರಕ್ಕೆ ಮಾತ್ರ ಜುಲೈನಲ್ಲೇ ಅರ್ಜಿ ಕೊಡುತ್ತೇನೆ.