ವಿಂಡೋಸ್ 10 ಬಿಟ್ಟು 11ಕ್ಕೆ ಹೋಗಬೇಕಾ? ಹೋಗುವ ಮುಂಚೆ ಇಷ್ಟು ನೋಡಿಕೊಳ್ಳಿ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಂಪ್ಯೂಟರಿಗೆ ವಿಂಡೋಸ್ 11 ಆಗುತ್ತೆ ಅಂತ ಮೈಕ್ರೋಸಾಫ್ಟ್ ಒಪ್ಪಿದ್ದರೆ ಹಾಕಿಕೊಳ್ಳಿ. ಆದರೆ ಹಾಕುವ ಮುಂಚೆ ಒಂದು ಸಂಜೆ ಕೂತು ಕೆಲವು ಕೆಲಸ ಮುಗಿಸಿಕೊಳ್ಳಿ. ಒಪ್ಪದಿದ್ದರೆ ಅಡ್ಡದಾರಿ ಹಿಡಿದು ತುರುಕಬೇಡಿ, ಹಾಗಂತ ಚೆನ್ನಾಗಿರುವ ಮಷೀನನ್ನು ಗುಜರಿಗೂ ಕೊಡಬೇಡಿ.

ಯಾವ ಕಂಪ್ಯೂಟರಿಗೆ 11 ಆಗುತ್ತೆ, ಯಾವುದಕ್ಕೆ ಆಗಲ್ಲ ಅನ್ನುವ ಈ ಜಗಳ ಶುರುವಾಗಿದ್ದು 2021ರಲ್ಲಿ. ಜೂನ್ 24ಕ್ಕೆ ವಿಂಡೋಸ್ 11ರ ಘೋಷಣೆ ಆಯ್ತು, ಅಕ್ಟೋಬರ್ 5ಕ್ಕೆ ಬಿಡುಗಡೆ. ಅದಕ್ಕೆ ಹಿಂದೆ, 2015ರಲ್ಲಿ ವಿಂಡೋಸ್ 10 ಬರುವ ಹೊತ್ತಿಗೆ, ಮೈಕ್ರೋಸಾಫ್ಟಿನ ಉದ್ಯೋಗಿಯೊಬ್ಬರು ಇದೇ ಕೊನೆಯ ವಿಂಡೋಸ್ ಅಂತ ವೇದಿಕೆ ಮೇಲೇ ಹೇಳಿದ್ದರು, ಕಂಪನಿ ಅದನ್ನು ಅಲ್ಲಗಳೆಯಲೂ ಇಲ್ಲ. ಜನ ನಂಬಿದ್ದರು. ಹಾಗಿರುವಾಗ 11 ಬಂತು, ಬಂದಿದ್ದೂ ಅಲ್ಲದೆ ಚೆನ್ನಾಗಿ ಓಡುತ್ತಿದ್ದ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ಹೊರಗೇ ನಿಲ್ಲಿಸಿತು.

4 ಜಿಬಿ ರ್‍ಯಾಮ್, 64 ಜಿಬಿ ಜಾಗ ಕೇಳಿದ್ದಕ್ಕೆ ಯಾರದ್ದೂ ತಕರಾರಿಲ್ಲ. ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡೋಕೆ ಬಿಡುವ ವ್ಯವಸ್ಥೆ) ಮತ್ತು ಟಿಪಿಎಂ 2.0 ಬೇಕು ಅಂದಿದ್ದನ್ನೂ ಒಪ್ಪಬಹುದು. ಟಿಪಿಎಂ ಅಂದರೆ ಪಾಸ್‌ವರ್ಡ್, ಬೀಗದ ಕೀಲಿ ಇಂಥವನ್ನು ಹಾರ್ಡ್ ಡಿಸ್ಕಿನಿಂದ ಬೇರೆಯಾಗಿ ಕಾಪಾಡುವ ಚಿಪ್. ಎಷ್ಟೋ ಮಷೀನ್‌ಗಳಲ್ಲಿ ಅದು ಇದ್ದೂ, ವಿಂಡೋಸ್‌ಗೂ ಮುಂಚೆ ಶುರುವಾಗುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್ ಆದ ಬಯಾಸ್‌ನಲ್ಲಿ ಆಫ್ ಆಗಿರುತ್ತೆ, ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುತ್ತೆ, ಆನ್ ಮಾಡಿದರೆ ಮುಗೀತು. ನಿಜವಾದ ಪೆಟ್ಟು ಬಿದ್ದಿದ್ದು ಪ್ರೊಸೆಸರ್ ವಿಷಯದಲ್ಲಿ. ಇಂಟೆಲ್ ಆದರೆ 8ನೇ ಜನರೇಷನ್‌ನಿಂದ ಮೇಲೆ, ಎಎಂಡಿ ಆದರೆ ಹೆಚ್ಚುಕಮ್ಮಿ ರೈಜನ್ 2000 ಸರಣಿಯಿಂದ ಮೇಲೆ. ಅದಕ್ಕಿಂತ ಹಳೆಯದಕ್ಕೆ, ಬೆರಳೆಣಿಕೆಯಷ್ಟು ಮಾಡೆಲ್ ಬಿಟ್ಟರೆ, ಪ್ರವೇಶ ಇಲ್ಲ.

ಇದು ನ್ಯಾಯವಾ? ನನಗೆ ಹಾಗೆ ಅನಿಸಲ್ಲ, ಕಾರಣ ಹೇಳುತ್ತೇನೆ. 2016ರಲ್ಲಿ ಬಂದ ಐ5-7200ಯು ತಗೊಳ್ಳಿ, ಅದರ ಮರುವರ್ಷ ಬಂದ ಐ5-8250ಯು ತಗೊಳ್ಳಿ. ಎರಡೂ ಕೇಬಿ ಲೇಕ್ ಕುಟುಂಬದವೇ, ಎರಡನೆಯದಕ್ಕೆ ಎರಡರ ಬದಲು ನಾಲ್ಕು ಕೋರ್ ಕೊಟ್ಟು 8ನೇ ಜನರೇಷನ್ ಅಂತ ಹೆಸರಿಟ್ಟರು. ಒಂದು ಹೊರಗೆ, ಒಂದು ಒಳಗೆ. 7200ಯು ಇರುವ ಎಷ್ಟೋ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಟಿಪಿಎಂ 2.0 ಕೂಡ ಇದೆ. ಭದ್ರತೆಗಾಗಿ ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಆದರೆ ಗೆರೆಯನ್ನು ಅಲ್ಲೇ ಎಳೆಯಬೇಕಿತ್ತಾ ಅನ್ನುವುದಕ್ಕೆ ಒಪ್ಪುವಂಥ ಉತ್ತರ ಇವತ್ತಿಗೂ ಸಿಕ್ಕಿಲ್ಲ. ನಮ್ಮಲ್ಲಿ ಒಂದು ಲ್ಯಾಪ್‌ಟಾಪ್ ಅಂದರೆ ಅಣ್ಣನ ಓದು ಮುಗಿದ ಮೇಲೆ ತಂಗಿಗೆ, ಅವಳದು ಮುಗಿದ ಮೇಲೆ ಅಪ್ಪನ ಅಂಗಡಿ ಲೆಕ್ಕಕ್ಕೆ. ಅಂಥ ಮಷೀನನ್ನು ಹಳೆಯದಾಯ್ತು ಅಂತ ಅನ್ನುವುದು ನನಗೆ ಸಿಟ್ಟು ತರಿಸುತ್ತೆ.

ಸಿಟ್ಟು ಬಂತು ಅಂತ ವಿಂಡೋಸ್ 10ರಲ್ಲೇ ಸುಮ್ನೆ ಕೂತಿರೋಕೂ ಆಗಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗೀತು. ಕಂಪ್ಯೂಟರ್ ಆನ್ ಆಗುತ್ತೆ, ಎಲ್ಲಾ ಕೆಲಸ ನಡೆಯುತ್ತೆ, ಆದರೆ ಮುಂದೆ ಹೇಳುವ ಹೆಚ್ಚುವರಿ ಅಪ್‌ಡೇಟಿಗೆ ನೋಂದಾಯಿಸದಿದ್ದರೆ ಹೊಸದಾಗಿ ಸಿಗುವ ಭದ್ರತೆಯ ತೂತು ಮುಚ್ಚುವವರಿಲ್ಲ. ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತೆ ಅಂತ ಕೇಳುವವರು 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳಿದ ವನ್ನಾಕ್ರೈ ದಾಳಿ ನೆನಪಿಸಿಕೊಳ್ಳಿ. ಅದು ನುಗ್ಗಿದ ತೂತನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಳ್ಳದೆ ಇದ್ದವರ ಫೈಲುಗಳಿಗೆ ಬೀಗ ಬಿತ್ತು, ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರುಗಳವರೆಗೆ. ಬ್ಯಾಂಕ್ ವ್ಯವಹಾರ ಮಾಡುವ ಮಷೀನ್ ಆದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ.

ಇನ್ನು 11 ಬಳಸೋಕೆ ಹೇಗಿದೆ. ನೋಡೋಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದಿದೆ, ಬೇಡ ಅಂದರೆ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋಗಿ ಎಡಕ್ಕೆ ತಳ್ಳಬಹುದು. ಮೊದಲು ಬಂದಾಗ ತೆರೆದ ಕಿಟಕಿಗಳನ್ನು ಹೆಸರಿನ ಸಮೇತ ಬೇರೆಬೇರೆಯಾಗಿ ತೋರಿಸುವ ಸೌಲಭ್ಯವನ್ನೇ ಕಿತ್ತುಹಾಕಿದ್ದರು, ಜನ ಬೈದು ಬೈದು 2023ರಲ್ಲಿ ವಾಪಸ್ ಬಂತು. ಹತ್ತಾರು ಎಕ್ಸೆಲ್ ಫೈಲ್ ತೆರೆದು ಕೂರುವವರಿಗೆ ಇದು ಸಣ್ಣ ವಿಷಯ ಅಲ್ಲ. ರೈಟ್ ಕ್ಲಿಕ್ ಮಾಡಿದರೆ ಈಗ ಚಿಕ್ಕ ಮೆನು ಬರುತ್ತೆ, ಕಾಪಿ, ಕಟ್, ಡಿಲೀಟ್ ಎಲ್ಲಾ ಮೇಲುಗಡೆ ಬರೀ ಚಿತ್ರಗಳಾಗಿದ್ದವು, ನಂತರ ಅಪ್‌ಡೇಟಿನಲ್ಲಿ ಅದರ ಕೆಳಗೆ ಹೆಸರೂ ಬಂತು. ಹಳೆಯ ಪೂರ್ತಿ ಮೆನು ಬೇಕಾದರೆ ಶಿಫ್ಟ್ ಒತ್ತಿಕೊಂಡೇ ರೈಟ್ ಕ್ಲಿಕ್ ಮಾಡಿ, ಸೀದಾ ಅದೇ ತೆರೆಯುತ್ತೆ. ಈ ಒಂದು ಅಭ್ಯಾಸ ಮಾಡಿಕೊಂಡರೆ ಅರ್ಧ ಕಿರಿಕಿರಿ ಕಮ್ಮಿ.

ಇಷ್ಟವಾಗುವ ಸಂಗತಿಗಳೂ ಇವೆ. ಫೈಲ್ ಎಕ್ಸ್‌ಪ್ಲೋರರ್‌ಗೆ ಟ್ಯಾಬ್ ಬಂದಿದೆ, ನೋಟ್‌ಪ್ಯಾಡ್‌ಗೂ ಬಂದಿದೆ. ವಿಂಡೋಸ್ ಕೀ ಜೊತೆ ಜೆಡ್ ಒತ್ತಿದರೆ ಪರದೆಯನ್ನು ಎರಡು ಮೂರು ಭಾಗ ಮಾಡಿ ಕಿಟಕಿಗಳನ್ನು ಜೋಡಿಸಿಕೊಡುತ್ತೆ, ಒಂದು ಕಡೆ ಪಿಡಿಎಫ್ ಇಟ್ಟು ಇನ್ನೊಂದು ಕಡೆ ಟೈಪ್ ಮಾಡುವವರಿಗೆ ಇದು ತುಂಬಾ ಅನುಕೂಲ. ವರ್ಡ್‌ಪ್ಯಾಡ್ ಮಾತ್ರ 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಿಂದ ಕಾಣೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಮಷೀನಿಗೆ 11 ಹಾಕಬೇಡಿ. ನಿಯಮದಲ್ಲಿ ಅಡ್ಡಿ ಇಲ್ಲ, ಆದರೆ ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಮೊದಲು ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿ, ಆಮೇಲೆ ಮಾತು.

ಈಗ ನಿಜವಾಗಿ ಎಚ್ಚರ ಇರಬೇಕಾದ ಜಾಗಕ್ಕೆ ಬರೋಣ. ಹೊಸ ಲ್ಯಾಪ್‌ಟಾಪ್ ತಗೊಂಡರೆ ಅಥವಾ ಫಾರ್ಮ್ಯಾಟ್ ಮಾಡಿ 11 ಹಾಕಿದರೆ ಮೈಕ್ರೋಸಾಫ್ಟ್ ಅಕೌಂಟ್ ಕೊಡದೆ ಮುಂದೆ ಹೋಗೋಕೆ ಬಿಡಲ್ಲ. 24ಎಚ್2 ನಂತರ ಹೀಗೆ ಅಕೌಂಟ್ ಹಾಕಿ ಶುರು ಮಾಡಿದ ಮಷೀನ್‌ಗಳಲ್ಲಿ ಡಿಸ್ಕಿಗೆ ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಓದೋಕಾಗದ ಬೀಗ ಕೂಡ ತಾನಾಗಿಯೇ ಆನ್ ಆಗುತ್ತೆ. ಕಳ್ಳತನ ಆದರೆ ಒಳ್ಳೆಯದೇ, ಕದ್ದವನಿಗೆ ಫೈಲ್ ಸಿಗಲ್ಲ. ಆದರೆ ಮದರ್‌ಬೋರ್ಡ್ ರಿಪೇರಿಯೋ ಬಯಾಸ್ ಅಪ್‌ಡೇಟೋ ಆದಾಗ ಮಷೀನು ನಿಮ್ಮನ್ನೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇರುವುದು ಆ ಅಕೌಂಟಿನಲ್ಲಿ. ಅಂಗಡಿಯವರು ಅವರದ್ದೇ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿ ಕೊಟ್ಟಿದ್ದರೆ? ಮಗಳ ಕಾಲೇಜಿನ ಇಮೇಲ್ ಹಾಕಿ, ಕಾಲೇಜು ಮುಗಿದು ಆ ಇಮೇಲ್ ಮುಚ್ಚಿಹೋಗಿದ್ದರೆ? ಫೋಟೋ, ದಾಖಲೆ, ಲೆಕ್ಕ ಎಲ್ಲಾ ಹೋದ ಹಾಗೇ. ದಯವಿಟ್ಟು ನಿಮ್ಮದೇ ಅಕೌಂಟ್ ಹಾಕಿ, ಆ ಕೀಯನ್ನು ಕಾಗದದ ಮೇಲೆ ಬರೆದು ಮನೆ ಪತ್ರಗಳ ಜೊತೆ ಇಡಿ. 10ರಿಂದ ಮೇಲೇರಿಸುವವರಿಗೆ ಈ ತಲೆನೋವು ಕಮ್ಮಿ, ಆ ಕಂಪ್ಯೂಟರಿನಲ್ಲಷ್ಟೇ ಇರುವ ಹಳೆಯ ಲೋಕಲ್ ಅಕೌಂಟೇ ಮುಂದುವರಿಯುತ್ತೆ.

ಫೈಲುಗಳನ್ನು ಆನ್‌ಲೈನ್‌ನಲ್ಲಿ ಇಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಕೂಡ ಹೀಗೇ. ಬ್ಯಾಕಪ್ ಅಂತ ಹೇಳಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತೆ. ಪುಕ್ಕಟೆ ಜಾಗ 5 ಜಿಬಿ ಅಷ್ಟೇ, ತುಂಬಿದ ಮೇಲೆ ದುಡ್ಡು ಕೊಡಿ ಅನ್ನುವ ಸಂದೇಶ ಶುರು. ಗಾಬರಿಯಲ್ಲಿ ಬ್ಯಾಕಪ್ ಆಫ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ ಕಾಣಬಹುದು. ಫೈಲುಗಳು ಅಳಿಸಿಹೋಗಿರಲ್ಲ, ಒನ್‌ಡ್ರೈವ್ ಫೋಲ್ಡರಿನ ಒಳಗೆ ಹುಡುಕಿ.

ರಿಕಾಲ್ ಬಗ್ಗೆ ಹೆದರಿದವರಿಗೆ ಒಂದು ಮಾತು. ಪರದೆಯ ಚಿತ್ರ ಆಗಾಗ ತೆಗೆದಿಟ್ಟುಕೊಳ್ಳುವ ಆ ಸೌಲಭ್ಯವನ್ನು 2024ರ ಮೇನಲ್ಲಿ ತೋರಿಸಿ, ಬೈಗುಳ ತಿಂದು ಮುಂದೂಡಿ, 2025ರ ಏಪ್ರಿಲ್‌ನಲ್ಲಿ ನಾವೇ ಒಪ್ಪಿ ಆನ್ ಮಾಡಿಕೊಳ್ಳುವ ಹಾಗೆ ತಂದರು. ಅದೂ ಕೋಪೈಲಟ್ ಪ್ಲಸ್ ಅನ್ನುವ ಹೊಸ ಮಷೀನ್‌ಗಳಿಗೆ ಮಾತ್ರ. ನಿಮ್ಮ ಹಳೆ ಲ್ಯಾಪ್‌ಟಾಪನ್ನು ಮೇಲೇರಿಸಿದರೆ ಅದು ಬರಲ್ಲ.

ಕನ್ನಡದ ವಿಷಯ. ಯೂನಿಕೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರ ಸಂಕೇತದಲ್ಲಿ, ಬರೆಯುವವರಿಗೆ ಏನೂ ತೊಂದರೆ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಇದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಫೋನೆಟಿಕ್ ಕೂಡ ಇದೆ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಅದಲುಬದಲು. ಇವೆರಡೂ 10ರಲ್ಲೇ ಇದ್ದವು, ಇದಕ್ಕೋಸ್ಕರ 11 ಬೇಕಿಲ್ಲ. ಪೇಚು ಇರುವುದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ವರ್ಷಗಟ್ಟಲೆ ಬರೆದಿಟ್ಟವರಿಗೆ. ಡಿಟಿಪಿ ಅಂಗಡಿ, ವಕೀಲರ ಆಫೀಸು, ಪಂಚಾಯಿತಿ, ಎಷ್ಟೋ ಲೇಖಕರ ಮನೆ, ಎಲ್ಲಾ ಕಡೆ ಅಂಥ ಫೈಲ್ ಇವೆ. 10ರ ಮೇಲೇ 11 ಹಾಕಿದರೆ ಫಾಂಟುಗಳು ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿಸಿದರೆ ಫಾಂಟೂ ಹೋಗುತ್ತೆ, ಆಗ ಫೈಲ್ ತೆರೆದರೆ ಕನ್ನಡ ಇರಬೇಕಾದ ಕಡೆ ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತೆ. ಬರೆದದ್ದು ಹಾಳಾಗಿಲ್ಲ, ಅದನ್ನು ತೋರಿಸುವ ಫಾಂಟ್ ಇಲ್ಲ ಅಷ್ಟೇ. ಹಾಗಾಗಿ ಮುಂಚೆಯೇ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ತೆರೆದು, ಎಲ್ಲಾ ಕನ್ನಡ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿಡಿ. ಹಾಗೇ ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸೋಕೂ ಇದೇ ಒಳ್ಳೆ ಸಮಯ. ವಿಂಡೋಸಿನದೇ ಹಳೆಯ ಕನ್ನಡ ಫಾಂಟ್ ತುಂಗಾ ಕಾಣಿಸದಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳು ಅಂತ ಇದೆ, ಅಲ್ಲಿಂದ ಹಾಕಿಕೊಳ್ಳಬೇಕು.

ಇನ್ನೊಂದು, 10ರ 32 ಬಿಟ್ ಆವೃತ್ತಿ ಇರುವವರು. 11 ಬರುವುದೇ 64 ಬಿಟ್‌ನಲ್ಲಿ, ಮೇಲೇರಿಸೋಕೆ ಆಗಲ್ಲ, ಹೊಸದಾಗೇ ಹಾಕಬೇಕು. ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕದ ಪ್ರೋಗ್ರಾಂ ಇನ್ನೂ ನಡೆಸುತ್ತಿರುವ ಕಡೆ ಅದು ಇದರಲ್ಲಿ ಸೀದಾ ಓಡಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಇಲ್ಲ, ಅದನ್ನೇ ಕೇಳುವ ಹಳೆಯ ಸರ್ಕಾರಿ ಪುಟಗಳಿಗೆ ಎಡ್ಜ್‌ನಲ್ಲಿ ಐಇ ಮೋಡ್ ಆನ್ ಮಾಡಿಕೊಳ್ಳಬೇಕು.

ಹೊರಗೆ ಉಳಿದವರು ಏನು ಮಾಡಬೇಕು? ರೂಫಸ್ ಥರದ ಸಾಧನ ಬಳಸಿ ನಿಯಮ ತಪ್ಪಿಸಿ 11 ಹಾಕಬಹುದು, ಓಡುತ್ತೆ ಕೂಡ. ಆದರೆ ಅಂಥ ಮಷೀನ್‌ಗೆ ಅಪ್‌ಡೇಟ್ ಕೊಟ್ಟೇ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಮತ್ತೆ ಕೈಯಾರೆ ಹಾಕಬೇಕಾಗುತ್ತೆ. ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರು ತಮ್ಮ ಮಷೀನಿಗೆ ಮಾಡಿಕೊಳ್ಳಲಿ, ಅಮ್ಮನ ಲ್ಯಾಪ್‌ಟಾಪಿಗೆ ಬೇಡ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೂ ಇದು ಮುಖ್ಯ. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ನಿಮ್ಮೂರಿನ ಅಂಗಡಿ ಇರಲಿ, ವಿಂಡೋಸ್ 11 ಇದೆ ಅಂದ ಮಾತ್ರಕ್ಕೆ ಒಪ್ಪಬೇಡಿ. ಐ5 ಆದಮೇಲೆ ಬರುವ ನಂಬರ್ ನೋಡಿ, 6 ಅಥವಾ 7ರಿಂದ ಶುರುವಾದರೆ ಅದು ತಪ್ಪಿಸಿ ಹಾಕಿದ್ದೇ ಅಂತ ತಿಳಿಯಿರಿ. ಥಿಂಕ್‌ಪ್ಯಾಡ್‌ನಲ್ಲಿ ಟಿ470 ಬದಲು ಟಿ480, ಡೆಲ್ ಲ್ಯಾಟಿಟ್ಯೂಡ್‌ನಲ್ಲಿ 7480 ಬದಲು 7490 ಕೇಳಿ. ನೋಡೋಕೆ ಅಕ್ಕತಂಗಿಯರ ಹಾಗಿದ್ದರೂ ಟಿ480, 7490ರಲ್ಲಿ ಹೆಚ್ಚಾಗಿ 8ನೇ ಜನರೇಷನ್ ಸಿಗುತ್ತೆ, ಆದರೂ ನಂಬರ್ ನೋಡಿಕೊಂಡೇ ತಗೊಳ್ಳಿ.

ಇರುವ ಹಳೆ ಮಷೀನಿಗೆ ಸದ್ಯಕ್ಕೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ, 2026ರ ಅಕ್ಟೋಬರ್ 13ರವರೆಗೆ. 10ರ 22ಎಚ್2 ಆವೃತ್ತಿ ಇರಬೇಕು, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಲಿಂಕ್ ಕಾಣುತ್ತೆ. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ, ಇಲ್ಲದಿದ್ದರೆ ಮೈಕ್ರೋಸಾಫ್ಟಿನ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರಿನಷ್ಟು ದುಡ್ಡು. ಯಾವ ದಾರಿಯಾದರೂ ಮೈಕ್ರೋಸಾಫ್ಟ್ ಅಕೌಂಟ್ ಬೇಕೇ ಬೇಕು. ಇದನ್ನು ಇವತ್ತೇ ಮಾಡಿ.

ಆ ಅಪ್‌ಡೇಟಿನ ಅವಧಿ ಮುಗಿದ ಮೇಲೆ ನನ್ನ ಆಯ್ಕೆ ಲಿನಕ್ಸ್ ಮಿಂಟ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ. ಬ್ರೌಸರ್, ಯೂಟ್ಯೂಬ್, ಲಿಬ್ರೆ ಆಫೀಸ್, ಮಕ್ಕಳ ಆನ್‌ಲೈನ್ ಪಾಠ, ಇಷ್ಟಕ್ಕೆ ಧಾರಾಳ ಸಾಕು. ನುಡಿಯಲ್ಲಿ ಕೈ ಪಳಗಿದವರಿಗೆ ಖುಷಿಯಾಗುವ ಸಂಗತಿ ಏನೆಂದರೆ ನುಡಿಯಲ್ಲಿ ಬಳಸುವ ಕಗಪ ಕೀಬೋರ್ಡ್ ಅದರಲ್ಲಿ ಮೊದಲಿಂದಲೇ ಇರುತ್ತೆ, ಬೇರೆ ಏನೂ ಹಾಕಬೇಕಿಲ್ಲ. ವಿಂಡೋಸ್ ಇಷ್ಟು ವರ್ಷವಾದರೂ ಅದನ್ನು ಒಳಗೇ ಕೊಟ್ಟಿಲ್ಲ. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ನಂಬಿಕೊಂಡವರಿಗೆ ಮಾತ್ರ ಮಿಂಟ್ ಆಗಲ್ಲ.

11ಕ್ಕೆ ಹೋಗುವವರು ಮಷೀನಿಗೆ 11 ಆಗುತ್ತಾ ಅಂತ ಹೇಳುವ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಆ್ಯಪ್ ಓಡಿಸಿ ನೋಡಿ, ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಪ್ರಿಂಟರ್ ಮತ್ತು ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ನಿನ ಡ್ರೈವರ್ ಡೌನ್‌ಲೋಡ್ ಮಾಡಿಟ್ಟುಕೊಂಡು ಶುರು ಮಾಡಿ. ಹಿಡಿಸದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ವಾಪಸ್ ಹೋಗಬಹುದು, ಅಲ್ಲಿಯವರೆಗೆ ಸಿ ಡ್ರೈವಿನಲ್ಲಿ ಕಾಣುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಜಾಗ ತಿನ್ನುತ್ತೆ ಅಂತ ಅಳಿಸಬೇಡಿ. ಜಿಎಸ್‌ಟಿ ರಿಟರ್ನ್ ಹಾಕುವವರಾದರೆ 20ನೇ ತಾರೀಖು ದಾಟಿದ ಮೇಲೆ ಮಾಡಿ, ಆಗ ಏನೇ ಹೆಚ್ಚುಕಮ್ಮಿ ಆದರೂ ಸರಿ ಮಾಡಿಕೊಳ್ಳೋಕೆ ವಾರ ಹತ್ತು ದಿನ ಕೈಯಲ್ಲಿರುತ್ತೆ.