ವಿಟ್‌ಫೀಲ್ಡ್ ಮನೆ: 1639ರ ಕಲ್ಲೆಷ್ಟು, ದುರಸ್ತಿ ಎಷ್ಟು?

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗಿಲ್‌ಫರ್ಡ್ ಊರಿನ ಈ ಮ್ಯೂಸಿಯಂ, ದೇಶದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಅತಿ ಹಳೆಯ ಕಲ್ಲಿನ ಮನೆ ಎಂದು ಹೆಸರಾದದ್ದು. ಆದರೆ ಒಳಗೆ ಕಾಣುವುದೆಲ್ಲ 1639ರದ್ದೇ ಅಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಪಾದ್ರಿ ಹೆನ್ರಿ ವಿಟ್‌ಫೀಲ್ಡ್‌ಗಾಗಿ ಕಟ್ಟಿದ ಮನೆ 1868ರಲ್ಲಿ ಬಹುಪಾಲು ಬದಲಾಯಿತು. 1904ರಲ್ಲಿ ಮ್ಯೂಸಿಯಂ ತೆರೆಯುವ ಹೊತ್ತಿಗೆ ವಾಸ್ತುಶಿಲ್ಪಿ ನಾರ್ಮನ್ ಐಶಮ್ ಅದಕ್ಕೊಂದು ರೂಪ ಕೊಟ್ಟರು. 1930ರ ದಶಕದಲ್ಲಿ ಇನ್ನೊಬ್ಬ ವಾಸ್ತುಶಿಲ್ಪಿ ಜೆ. ಫ್ರೆಡರಿಕ್ ಕೆಲ್ಲಿ ಅದನ್ನೂ ತಿದ್ದಿದರು. ಹಾಗಾಗಿ ಕಡಿದಾದ ಮಾಡು, ಚಿಕ್ಕ ಗಾಜುಗಳ ಕಿಟಕಿ, ಮರದ ಕೆಲಸ, ಇವನ್ನೆಲ್ಲ ತಿಳಿದವರು ಮಾಡಿದ ಊಹೆ ಎಂದೇ ನೋಡಬೇಕು.

ಸಮಯ ಕೊಡಬೇಕಾದದ್ದು ಗೋಡೆಗೆ ಮತ್ತು ಉತ್ತರ ತುದಿಯ ಭಾರೀ ಚಿಮಣಿಗೆ. ಕಿಟಕಿಯ ಪಕ್ಕ ನಿಂತು ಒಳಗಿನ ಅಂಚಿನಿಂದ ಹೊರಗಿನ ಅಂಚಿಗೆ ಕೈ ಚಾಚಿದರೆ ದಪ್ಪ ಗೊತ್ತಾಗುತ್ತದೆ: ಸುಮಾರು ಎರಡು ಅಡಿ. ಅದು ಬರೀ ಚಳಿಗಾಗಿ ಅಲ್ಲ. ಊರಿಗೆ ದಾಳಿಯ ಭಯವಿದ್ದಾಗ ಜನ ಸೇರಿಕೊಳ್ಳಲು ಕಟ್ಟಿದ ನಾಲ್ಕು ಕಲ್ಲಿನ ಮನೆಗಳಲ್ಲಿ ಇದೂ ಒಂದು. ಕಲ್ಲುಗಳಿಗೆ ಒಂದೇ ಅಳತೆಯಿಲ್ಲ, ದೊಡ್ಡದರ ಸಂದಿಗೆ ಚಿಕ್ಕದನ್ನು ತುರುಕಿದ ಕೆಲಸ.

ಗಾರೆಯ ಕಥೆಯೇ ಬೇರೆ. ಹಳದಿ ಜೇಡಿಮಣ್ಣಿಗೆ ಸಿಂಪಿ ಚಿಪ್ಪಿನ ಪುಡಿ ಬೆರೆಸಿ ಕಟ್ಟಿದರೆಂದು ಹೇಳಿಕೆ. ಇಂಥ ಮಣ್ಣುಗಾರೆಗೆ ಮಳೆಯೇ ಶತ್ರು. ಹೊರಗಿನ ಸಂದುಗಳಿಗೆ ಸುಣ್ಣದ ಲೇಪವಿಲ್ಲದಿದ್ದರೆ ನೀರು ಒಳಗಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ, ಕಲ್ಲು ಸಡಿಲವಾಗುತ್ತದೆ. ಗಟ್ಟಿಯಾಗಲೆಂದು ಸಿಮೆಂಟ್ ಮೆತ್ತುವುದು ಇನ್ನೂ ಕೆಟ್ಟದ್ದು: ಒಳಹೊಕ್ಕ ತೇವ ಹೊರಬರಲು ದಾರಿಯಿಲ್ಲದೆ ಕಲ್ಲಿನ ಹತ್ತಿರವೇ ನಿಲ್ಲುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಆ ನೀರು ಸುಮಾರು ಶೇಕಡ 9ರಷ್ಟು ಹಿಗ್ಗಿ ಕಲ್ಲಿನ ಚಕ್ಕೆ ಎಬ್ಬಿಸುತ್ತದೆ. ಯಾವುದೇ ಹಳೆಯ ಕಲ್ಲುಗೋಡೆಯಲ್ಲಿ ಸಂದು ಉಬ್ಬಿ ಹೊಳೆಯುತ್ತಿದ್ದು, ಪಕ್ಕದ ಕಲ್ಲು ಮಾತ್ರ ಉದುರುತ್ತಿದ್ದರೆ ಕಾರಣ ಇದೇ ಇರುವ ಸಂಭವ ಹೆಚ್ಚು.

ಪೀಠೋಪಕರಣಗಳನ್ನು ಬೇಗ ದಾಟಬಹುದು. ಅಂಗಳದಲ್ಲಿ ಮಾತ್ರ ಒಂದು ಸುತ್ತು ಬನ್ನಿ. ಹಿಂಬದಿಯಿಂದ ನೋಡಿದರೆ ಮನೆ ಎಲ್ ಅಕ್ಷರದಂತೆ ಮಡಚಿಕೊಂಡಿರುವುದು ತಿಳಿಯುತ್ತದೆ, ಬೀದಿಯಿಂದ ಅದು ಕಾಣಿಸುವುದಿಲ್ಲ.