ಶ್ವಾಸಕೋಶದ ಬಯಾಪ್ಸಿಗೆ ಸೆಕೆಂಡ್ ಒಪಿನಿಯನ್: ರಿಪೋರ್ಟು ಸೂಪರ್, ಫೋನ್ ಮಾತ್ರ ಎತ್ತಲ್ಲ

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಫೋನ್ ಎತ್ತದೇ ಸತಾಯಿಸಿದ್ದಕ್ಕೆ, ಕೆಲಸದ ಬಗ್ಗೆ ತಕರಾರಿಲ್ಲ.

ಬೇರೆ ಕಡೆ ಆಗಿರೋ ಬಯಾಪ್ಸಿನ ಇನ್ನೊಂದ್ಸಲ ನೋಡಿ ಹೇಳೋ ಪೆಥಾಲಜಿ ಸರ್ವೀಸು ಇದು. ನಮ್ಮ ಚಿಕ್ಕಮ್ಮಂಗೆ ಸಿಟಿ ಸ್ಕ್ಯಾನಲ್ಲಿ ಬಲಗಡೆ ಶ್ವಾಸಕೋಶದಲ್ಲಿ ಬೆಳ್ಳಗೆ ಪ್ಯಾಚ್ ಕಾಣ್ತು, ನ್ಯುಮೋನಿಯಾ ಅಂತ ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಕೊಟ್ರು, ಜ್ವರಾನೇ ಇಲ್ಲ ಪ್ಯಾಚೂ ಜಗ್ಗಲಿಲ್ಲ, ಆಮೇಲೆ ಟಿಬಿ ಇರ್ಬೋದು ಅಂದ್ರು, ಕಫದ ಟೆಸ್ಟು ನೆಗೆಟಿವ್. ಬ್ರಾಂಕೋಸ್ಕೋಪಿಲಿ (ಶ್ವಾಸನಾಳಕ್ಕೆ ಕ್ಯಾಮೆರಾ ಪೈಪ್ ಇಳಿಸಿ) ಪಿನ್ನಿನ ತಲೆಯಷ್ಟು ಚೂರು ತೆಗೆದ್ರು, ಮೊದಲನೇ ಲ್ಯಾಬ್‌ನೋರು ಕ್ರಾನಿಕ್ ಇನ್‌ಫ್ಲಮೇಶನ್ (ಬಹಳ ದಿನದ ಉರಿಯೂತ) ಅಂತ ಒಂದು ಸಾಲು ಬರೆದು ಕೈತೊಳ್ಕೊಂಡ್ರು.

ಇವ್ರು ಬರೀ ಸ್ಲೈಡ್ ಸಾಲಲ್ಲ, ಪ್ಯಾರಾಫಿನ್ ಬ್ಲಾಕೂ (ತೆಗೆದ ಚೂರನ್ನ ಮೇಣದಲ್ಲಿ ಕೂರಿಸಿಟ್ಟಿರೋದು) ಸ್ಕ್ಯಾನ್ ಸಿಡಿನೂ ಕಳ್ಸಿ ಅಂದ್ರು. ನಂಗೆ ಇಷ್ಟ ಆಗಿದ್ದೇ ಇಲ್ಲಿ, ಸುಮ್ನೆ ಏನೋ ಒಂದು ಹೆಸರು ಇಡಲಿಲ್ಲ. ಬಿ ಲಿಂಫೋಸೈಟ್ (ಒಂದು ಥರ ಬಿಳಿ ರಕ್ತಕಣ) ಜಾಸ್ತಿ ಇವೆ, ಲಿಂಫೋಮಾ ಅಂದ್ರೆ ಆ ಥರದ ಕಣಗಳ ಕ್ಯಾನ್ಸರ್ ಅನುಮಾನ ಇದೆ, ಆದ್ರೆ ಇಷ್ಟು ಚೂರಲ್ಲಿ ಖಚಿತವಾಗಿ ಹೇಳೋಕಾಗಲ್ಲ, ದೊಡ್ಡ ಪೀಸ್ ತೆಗೆಸಿ, ಅಲ್ಲೀವರೆಗೂ ತೀರಾ ಅನಿವಾರ್ಯ ಅಲ್ದಿದ್ರೆ ಸ್ಟಿರಾಯ್ಡ್ ಬೇಡ ಅಂತ ಬರೆದ್ರು. ಸ್ಟಿರಾಯ್ಡ್ ಶುರುವಾದ್ರೆ ಲಿಂಫೋಮಾ ಕೋಶಗಳು ಕರಗಿ ಮುಂದಿನ ಬಯಾಪ್ಸಿಲಿ ಏನೂ ಸಿಗದೇ ಹೋಗ್ಬೋದಂತೆ. ಇದನ್ನ ಅದುವರೆಗೂ ಯಾರೂ ಹೇಳಿರಲಿಲ್ಲ ನೋಡಿ!

ಕೀಹೋಲ್ ಸರ್ಜರಿಲಿ ತೆಗೆದ ಪೀಸಿಗೆ ಬಂದ ಉತ್ತರ ಮಾಲ್ಟ್ ಲಿಂಫೋಮಾ, ಅಂದ್ರೆ ಮಾರ್ಜಿನಲ್ ಝೋನ್ ಜಾತಿದು. ಶ್ವಾಸಕೋಶದಲ್ಲೇ ಹುಟ್ಟೋ ಲಿಂಫೋಮಾ ಒಟ್ಟು ಲಿಂಫೋಮಾಗಳಲ್ಲಿ 1%ಗಿಂತ ಕಮ್ಮಿ, ಅದ್ರಲ್ಲಿ ಹೆಚ್ಚಿನವು ಈ ನಿಧಾನವಾಗಿ ಬೆಳೆಯೋ ಥರದವೇ. ಯಾಕೆ ಇದೇ ಅಂತಾನೂ ಬರೆದಿದ್ರು: ಕೋಶದ ಗುರುತು ಹೇಳೋ ಪ್ರೋಟೀನ್‌ಗಳಲ್ಲಿ ಸಿಡಿ20 (ಬಿ ಕೋಶದ ಗುರುತು) ಪಾಸಿಟಿವ್, ಸಿಡಿ5, ಸಿಡಿ10, ಸೈಕ್ಲಿನ್ ಡಿ1 ನೆಗೆಟಿವ್, ಹಾಗಾಗಿ ಮ್ಯಾಂಟಲ್ ಸೆಲ್, ಫಾಲಿಕ್ಯುಲರ್ ಥರದ ಬೇರೆ ಲಿಂಫೋಮಾಗಳು ಅಲ್ಲ. ಲೈಟ್ ಚೈನ್ ಅಂತ ಆಂಟಿಬಾಡಿಯ ಒಂದು ಭಾಗ, ಎರಡು ಥರ ಇರುತ್ತೆ, ಕೋಶಗಳೆಲ್ಲ ಒಂದೇ ಥರದ್ದು ತೋರಿಸ್ತಿದ್ವು, ಅಂದ್ರೆ ಒಂದೇ ಕೋಶದ ಸಂತಾನ, ಬರೀ ಉರಿಯೂತ ಆಗಿದ್ರೆ ಎರಡೂ ಬೆರೆತಿರ್ತಿದ್ವು. ಇಬಿವಿ ವೈರಸ್ ಟೆಸ್ಟೂ ನೆಗೆಟಿವ್, ಲಿಂಫೊಮಟಾಯ್ಡ್ ಗ್ರಾನ್ಯುಲೊಮಟೋಸಿಸ್ ಅಂತ ಈ ವೈರಸ್ಸಿಗೆ ನಂಟಿರೋ ಇನ್ನೊಂದು ಅಪರೂಪದ ಕಾಯಿಲೆ ಇದ್ಯಂತೆ (ಹೆಸರು ಹೇಳೋಕೇ ಉಸಿರು ಬೇಕು), ಅದೂ ಅಲ್ಲ ಅನ್ನೋಕೆ. ಕಣ್ಣು ಬಾಯಿ ಒಣಗುತ್ತಾ ಕೇಳಿ, ಶೋಗ್ರೆನ್ಸ್ (ಮಾಲ್ಟ್ ಲಿಂಫೋಮಾಗೆ ನಂಟಿರೋ ಒಂದು ಆಟೋಇಮ್ಯೂನ್ ಕಾಯಿಲೆ) ಚೆಕ್ ಮಾಡಿಸಿ ಅಂತ ಕೊನೇಲಿ ಒಂದು ಸಾಲು ಬೇರೆ.

ಬೇಜಾರಾಗಿದ್ದು ಅಂದ್ರೆ ಮನೆಯವರ ಹತ್ರ ಮಾತಾಡಲ್ಲ, ಎಲ್ಲಾ ಡಾಕ್ಟರ್ ಮೂಲಕಾನೇ, ಸ್ಟೇಟಸ್ ಕೇಳೋಕೆ ಫೋನ್ ಮಾಡಿದ್ರೆ ಹೋಲ್ಡ್ ಮ್ಯೂಸಿಕ್ಕೇ ಗತಿ. ಕಳ್ಸೋದಾದ್ರೆ ಬ್ಲಾಕ್ ವಾಪಸ್ ಬೇಕು ಅಂತ ಫಾರ್ಮಲ್ಲೇ ಬರೆದುಬಿಡಿ, ಮುಂದೆ ಜೀನ್ ಟೆಸ್ಟ್ ಅಂದ್ರೆ ಅದೇ ಬೇಕಾಗುತ್ತೆ.